ಗುಳಿಗೆ ಅಗ್ಗ, ದಾರಿ ದುಬಾರಿ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಐವತ್ತು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ಗುಳಿಗೆ, ದವಾಖಾನೆಯ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಸಮಿತಿಯವರು ನನ್ನನ್ನು ಕರೆದಾಗ, ‘ಬ್ಯಾರೆ ಏನೂ ಬ್ಯಾಡ್ರಿ, ನಿಮ್ಮ ಕೆಲಸದ ಬಗ್ಗೆನ ನಾಕ ಮಾತು ಹೇಳ್ರಿ’ ಅಂದರು. ಈ ಶಾಲೆಯಲ್ಲಿ ಕಲಿತು ಫಾರ್ಮಸಿಸ್ಟ್ ಆದವನು ನಾನು. ಡಾಕ್ಟರ್ ಬರೆದ ಚೀಟಿ ಓದಿ, ಗುಳಿಗೆ ಎಣಿಸಿ, ಯಾವುದು ಊಟದ ಮೊದಲು, ಯಾವುದು ಊಟದ ಮೇಲೆ ಎಂದು ತಿಳಿಸಿ ಕೊಡುವುದು ನನ್ನ ಕಸುಬು. ಈ ಕೌಂಟರಿನ ಹಿಂದೆ ನಿಂತವನಿಗೆ ಡಾಕ್ಟರಿಗೂ ಕಾಣದ ಒಂದು ಸಂಗತಿ ಕಾಣುತ್ತದೆ. ಮುಂದಿನ ತಿಂಗಳ ಗುಳಿಗೆ ಒಯ್ಯಲು ಯಾರು ತಿರುಗಿ ಬಂದರು, ಯಾರು ಬರಲಿಲ್ಲ ಎಂಬುದು ನಮಗೆ ಗೊತ್ತಾಗುತ್ತದೆ. ಬಾರದೇ ಹೋದವರಲ್ಲಿ ಹಳ್ಳಿಯವರೇ ಹೆಚ್ಚು. ಇಂದಿನ ನನ್ನ ಮಾತು ಅವರ ಬಗ್ಗೆ.

ಈ ಶಾಲೆ ಶುರುವಾದ ಕಾಲದ ಕಾಯಿಲೆಗಳನ್ನು ಹಿರಿಯರು ನೆನಪಿಸಿಕೊಳ್ಳಲಿ. ಚಳಿಜ್ವರ, ವಾಂತಿಭೇದಿ, ಗೊಬ್ಬರ, ನಾಯಿಕೆಮ್ಮು. ಅವು ಬರುತ್ತಿದ್ದವು, ಒಂದೋ ಗುಣವಾಗುತ್ತಿತ್ತು, ಇಲ್ಲವೇ ಮನುಷ್ಯನನ್ನೇ ಒಯ್ಯುತ್ತಿದ್ದವು. ಔಷಧ ಬೇಕಾಗುತ್ತಿದ್ದುದು ನಾಲ್ಕು ದಿನ, ಹೆಚ್ಚೆಂದರೆ ಹದಿನೈದು ದಿನ. ಚಕ್ಕಡಿ ಕಟ್ಟಿಕೊಂಡಾದರೂ ಒಮ್ಮೆ ಪಟ್ಟಣಕ್ಕೆ ಹೋಗಿ ಬಂದರೆ ಮುಗಿಯಿತು. ಈಗಿನ ಕಾಯಿಲೆಗಳ ಗುಣವೇ ಬೇರೆ. ಬಿ.ಪಿ., ಸಕ್ಕರೆ ಕಾಯಿಲೆ, ದಮ್ಮು, ಥೈರಾಯ್ಡ್, ಫಿಟ್ಸ್ ಬಂದರೆ ಬಹಳ ಮಂದಿಗೆ ವರ್ಷಗಟ್ಟಲೆ, ಎಷ್ಟೋ ಮಂದಿಗೆ ಬದುಕಿರುವ ತನಕ ಗುಳಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ದೊಡ್ಡವರಲ್ಲಿ ಮೂವರಲ್ಲಿ ಒಬ್ಬರಿಗೆ ರಕ್ತದ ಒತ್ತಡ ಹೆಚ್ಚಿದೆ ಎಂದು ಅದು ತಿಳಿಸಿತು. ಇದು ಬರೀ ಪಟ್ಟಣದ ಕುಂತು ಉಣ್ಣುವವರ ಕಾಯಿಲೆ ಎಂಬ ಮಾತು ಎಂದೋ ಹಳೆಯದಾಯಿತು. ಹೊಲದಲ್ಲಿ ದಿನವಿಡೀ ಬೆನ್ನು ಬಾಗಿಸಿ ಕಸ ತೆಗೆಯುವ ತಾಯಿಗೂ ಬಿ.ಪಿ. ಇದೆ.

ಹಾಗಾದರೆ ಇಂದಿನ ಔಷಧ ತಿಂಗಳ ರೇಷನ್ ಇದ್ದ ಹಾಗೆ. ಜೋಳ, ಅಕ್ಕಿ, ಎಣ್ಣೆ ಹೇಗೆ ಪ್ರತಿ ತಿಂಗಳು ಮನೆಗೆ ಬರಬೇಕೋ ಗುಳಿಗೆಯೂ ಹಾಗೇ ಬರಬೇಕು. ರೇಷನ್ ಅಂಗಡಿ ಊರೊಳಗೇ ಇರಬೇಕು ಎಂದು ನಾವು ಹಟ ಹಿಡಿದೆವು, ಅದು ಬಂತು. ಔಷಧ ಮಾತ್ರ ಇನ್ನೂ ಅಣ್ಣಿಗೇರಿಯಲ್ಲೋ ನವಲಗುಂದದಲ್ಲೋ ಹುಬ್ಬಳ್ಳಿಯಲ್ಲೋ ಗದಗದಲ್ಲೋ ಇರುವ ವಸ್ತು ಎಂದು ಒಪ್ಪಿಕೊಂಡು ಕೂತಿದ್ದೇವೆ.

ಇದರಿಂದ ಏನಾಗುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದಲ್ಲ, ಕೇಳಿ ತಿಳಿದದ್ದು. ಎರಡು ತಿಂಗಳ ಮೇಲೆ ಬಂದ ಅಜ್ಜಿಯನ್ನು, ‘ಯಾಕಬೇ ಯವ್ವಾ, ಹೋದ ತಿಂಗಳ ಬರಲಿಲ್ಲ?’ ಎಂದು ಕೇಳಿದರೆ ಬರುವ ಉತ್ತರ ಇದು: ‘ಇನ್ನೂ ಅದಾವಲ್ಲೋ ತಮ್ಮಾ. ದಿನಾ ಬಿಟ್ಟು ದಿನಾ ತಗೊಳಾಕತ್ತೇನಿ.’ ಮೂವತ್ತು ದಿನದ ಗುಳಿಗೆಯನ್ನು ಅರವತ್ತು ದಿನಕ್ಕೆ ಎಳೆದಿದ್ದಾಳೆ. ಇದ್ದುದರಲ್ಲಿ ಸರಿದೂಗಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ಬಿ.ಪಿ. ಗುಳಿಗೆ ಆ ವಿದ್ಯೆಗೆ ಬಗ್ಗುವುದಿಲ್ಲ. ದಿನ ಬಿಟ್ಟು ದಿನ ತೆಗೆದುಕೊಂಡರೆ ಅರ್ಧ ಗುಣವಾಗುತ್ತದೆ ಎಂದಲ್ಲ. ಬಿಟ್ಟ ದಿನ ಒತ್ತಡ ಮತ್ತೆ ಏರುತ್ತದೆ, ಅದಕ್ಕೆ ನೋವಿಲ್ಲ, ಸದ್ದಿಲ್ಲ. ಒಂದು ಬೆಳಗ್ಗೆ ಎದ್ದಾಗ ಬಾಯಿ ಸೊಟ್ಟಗಾಗಿರುತ್ತದೆ, ಕೈ ಏಳುವುದಿಲ್ಲ. ‘ಲಕ್ವಾ ಹೊಡೀತು’ ಅನ್ನುತ್ತೇವೆ. ಹಣೆಬರಹ ಅನ್ನುತ್ತೇವೆ. ಹಣೆಬರಹಕ್ಕಿಂತ ಮೊದಲು ಆ ಮನೆಯ ಗೂಡಿನಲ್ಲಿದ್ದ ಗುಳಿಗೆ ಪಟ್ಟಿಯನ್ನು ನೋಡಬೇಕು.

ಅಜ್ಜಿ ಗುಳಿಗೆ ಎಳೆದದ್ದು ಯಾಕೆ? ಗುಳಿಗೆ ತುಟ್ಟಿ ಎಂದೇ? ಅಲ್ಲ. ಇಲ್ಲಿ ಒಂದು ಲೆಕ್ಕ ಹಾಕೋಣ, ಮಕ್ಕಳೂ ಹಾಕಲಿ. ಬಿ.ಪಿ.ಗೆ ಕೊಡುವ ಆಮ್ಲೊಡಿಪಿನ್ ಎಂಬ ಗುಳಿಗೆ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಎಂಬ ಗುಳಿಗೆ ಜನೌಷಧಿ ಕೇಂದ್ರದಲ್ಲಿ ಒಂದಕ್ಕೆ ಒಂದು ರೂಪಾಯಿಯ ಆಸುಪಾಸಿಗೆ ಸಿಗುತ್ತವೆ. ದಿನಕ್ಕೊಂದು ಎಂದರೆ ತಿಂಗಳಿಗೆ 30 ರೂಪಾಯಿ. ಅದನ್ನು ತರಲು ಪಟ್ಟಣಕ್ಕೆ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರವೇ. ಆದರೆ ಬಸ್ಸು ಸಿಗದಿದ್ದರೆ ಟಂಟಂ, ಜೊತೆಗೆ ಬಂದ ಮಗನ ಟಿಕೆಟ್, ಚಹಾ, ನಾಷ್ಟಾ, ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋದ ಒಂದು ದಿನದ ಕೂಲಿ. ಹೆಸರು ಬಿಡಿಸುವಾಗ, ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ ಒಂದು ದಿನ ಬಿಟ್ಟರೆ ಅದು ತಿರುಗಿ ಬರುವುದಿಲ್ಲ. ಗುಳಿಗೆಯ ಬೆಲೆ 30 ರೂಪಾಯಿ. ಗುಳಿಗೆ ತರುವ ಬೆಲೆ 300 ದಾಟುತ್ತದೆ. ಮಳೆಗಾಲದಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದರೆ 300 ಕೊಟ್ಟರೂ ದಾರಿಯಿಲ್ಲ. ನಾನು ಹೇಳಬೇಕೆಂದು ಬಂದಿರುವ ಮಾತು ಇಷ್ಟೇ: ನಮ್ಮ ಕಾಲದಲ್ಲಿ ಬಹಳಷ್ಟು ಗುಳಿಗೆಗಳು ಅಗ್ಗವಾಗಿವೆ, ದಾರಿ ದುಬಾರಿಯಾಗಿ ಉಳಿದಿದೆ.

ಗುಳಿಗೆ ಅಗ್ಗವಾದದ್ದು ತಾನಾಗಿ ಅಲ್ಲ. ಎಲ್ಲ ದೇಶದ ಜನರಿಗೂ ಕೆಲವು ಔಷಧಗಳು ಸಿಗಲೇಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಮೊದಲ ಪಟ್ಟಿ ಮಾಡಿದ್ದು 1977ರಲ್ಲಿ. ನಮ್ಮ ದೇಶಕ್ಕೂ ಅಂಥ ಪಟ್ಟಿಯಿದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಇವುಗಳಿಗೆ ಸರಕಾರ ಗರಿಷ್ಠ ಬೆಲೆ ಕಟ್ಟುತ್ತದೆ. ಆ ಕೆಲಸಕ್ಕೆಂದೇ 1997ರಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಹುಟ್ಟಿತು. 2008ರಲ್ಲಿ ಜನೌಷಧಿ ಯೋಜನೆ ಶುರುವಾಯಿತು, 2023ರ ಹೊತ್ತಿಗೆ ಕೇಂದ್ರಗಳ ಸಂಖ್ಯೆ 10,000 ಮುಟ್ಟಿತು. ಅಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರಿನಲ್ಲಿ ಮಾರಾಟ. ಕ್ರೋಸಿನ್ ಅನ್ನಿ, ಡೋಲೋ ಅನ್ನಿ, ಒಳಗಿರುವುದು ಪ್ಯಾರಸಿಟಮಾಲ್. ಒಂದೇ ಹುಡುಗನನ್ನು ಮನೆಯಲ್ಲಿ ಬಸು ಅಂತ, ಶಾಲೆಯಲ್ಲಿ ಬಸವರಾಜ ಅಂತ ಕರೆದ ಹಾಗೆ. ಈ ಮೂಲ ಹೆಸರು ಪ್ರತಿ ಪಟ್ಟಿಯ ಮೇಲೂ ಅಚ್ಚಾಗಿರುತ್ತದೆ. ಓದಲು ಬರುವ ಪ್ರತಿ ಮಗುವೂ ತನ್ನ ಮನೆಯ ಗುಳಿಗೆಯ ಮೂಲ ಹೆಸರನ್ನು ಓದಿ ಬರೆದಿಡಬೇಕು.

ಇನ್ನು ಔಷಧ ಹಳ್ಳಿಗೆ ಬರಲು ಇರುವ ಬಾಗಿಲುಗಳು ಎರಡು. ಒಂದು ಸರಕಾರಿ ದವಾಖಾನೆ, ಇನ್ನೊಂದು ಔಷಧ ಅಂಗಡಿ. ಎರಡನ್ನೂ ಒಂದೊಂದಾಗಿ ನೋಡೋಣ.

ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರಕಾರದ ಅಳತೆ. ಬಿ.ಪಿ., ಸಕ್ಕರೆ ಗುಳಿಗೆಗಳನ್ನು ಅಲ್ಲಿ ಪುಕ್ಕಟೆ ಕೊಡಬೇಕು. 2024ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ತಪಾಸಣೆ ಮಾಡಿ ಔಷಧ ಕೊಡುವ ಏರ್ಪಾಡಿದೆ. ಆದರೂ ‘ದವಾಖಾನ್ಯಾಗ ಗುಳಗಿ ಇಲ್ಲಂತ್ರಿ’ ಎಂಬ ಮಾತು ನಿಂತಿಲ್ಲ. ಯಾಕೆ ಎಂದು ತಿಳಿಯಲು ಗುಳಿಗೆ ಬರುವ ದಾರಿ ತಿಳಿಯಬೇಕು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಔಷಧ ಕೊಳ್ಳುತ್ತದೆ, ಉಗ್ರಾಣಕ್ಕೆ ಕಳಿಸುತ್ತದೆ, ಉಗ್ರಾಣದಿಂದ ಆರೋಗ್ಯ ಕೇಂದ್ರಕ್ಕೆ ಬರುತ್ತದೆ. ಎಷ್ಟು ಕಳಿಸಬೇಕು? ಆರೋಗ್ಯ ಕೇಂದ್ರದವರು ಬರೆದು ಕಳಿಸಿದ ಬೇಡಿಕೆ ಪಟ್ಟಿಯ ಮೇಲೆ. ಬೇಡಿಕೆ ಪಟ್ಟಿ ಬರೆಯುವುದು ಹೇಗೆ? ಹಿಂದೆ ಎಷ್ಟು ಖರ್ಚಾಯಿತು ಎಂಬ ಲೆಕ್ಕದ ಮೇಲೆ.

ಇಲ್ಲೇ ಗಂಟು ಇರುವುದು. ಒಬ್ಬ ಹಿರಿಯ ಒಮ್ಮೆ ಹೋಗಿ, ಗುಳಿಗೆ ಮುಗಿದಿದೆ ಎಂದು ಕೇಳಿ, ಬೇಸರದಿಂದ ತಿರುಗಿ ಬಂದು ಪಟ್ಟಣದಲ್ಲಿ ಕೊಂಡ. ಆಮೇಲೆ ಅವನು ದವಾಖಾನೆಗೆ ಹೋಗಲೇ ಇಲ್ಲ. ಅವನ ಹೆಸರು ಪುಸ್ತಕದಲ್ಲಿ ಇಲ್ಲ, ಅವನ ಗುಳಿಗೆ ಖರ್ಚಿನಲ್ಲಿ ಇಲ್ಲ. ಇಂಥ ನೂರು ಮಂದಿ ಇದ್ದರೆ ಕಾಗದದ ಮೇಲೆ ಆ ಊರಲ್ಲಿ ನೂರು ಮಂದಿಗೆ ಬಿ.ಪಿ.ಯೇ ಇಲ್ಲ! ಮುಂದಿನ ವರ್ಷ ಗುಳಿಗೆ ಇನ್ನೂ ಕಡಿಮೆ ಬರುತ್ತದೆ. ಕೇಳದ ಗುಳಿಗೆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಕೈಮುಗಿದು ಕೇಳುತ್ತೇನೆ, ನೀವು ಹೊರಗೆ ಕೊಂಡರೂ ಚಿಂತೆಯಿಲ್ಲ, ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿರಿ. ಇಲ್ಲ ಎಂದರೆ ಬೈಯಬೇಡಿರಿ, ‘ಇಲ್ಲ ಅಂತ ಬರಕೋರಿ’ ಎನ್ನಿರಿ. ಅಲ್ಲಿರುವ ನರ್ಸು, ಫಾರ್ಮಸಿಸ್ಟು ನಿಮ್ಮ ಶತ್ರುಗಳಲ್ಲ. ಮೇಲಿನವರಿಗೆ ತೋರಿಸಲು ಅವರಿಗೂ ಆ ಬರಹ ಬೇಕು.

ಈ ವ್ಯವಸ್ಥೆ ಸರಿಹೋಗಲಾರದು ಎಂದು ಕೈಚೆಲ್ಲಬೇಕಾಗಿಲ್ಲ. ಪಕ್ಕದ ತಮಿಳುನಾಡು 1994ರಲ್ಲಿ ಔಷಧ ಕೊಳ್ಳಲು, ಕೂಡಿಡಲು, ಹಂಚಲು ಒಂದೇ ನಿಗಮ ಮಾಡಿ ದೇಶಕ್ಕೆ ದಾರಿ ತೋರಿಸಿತು. ಮರಳುಗಾಡಿನ ರಾಜಸ್ಥಾನ 2011ರ ಗಾಂಧಿ ಜಯಂತಿಯ ದಿನ ಸರಕಾರಿ ದವಾಖಾನೆಗಳಲ್ಲಿ ಉಚಿತ ಔಷಧ ಯೋಜನೆ ಶುರು ಮಾಡಿತು. ನಮ್ಮ ಭಾಗದ ಹಳೆಯ ಕಥೆಯೂ ಇದನ್ನೇ ಹೇಳುತ್ತದೆ. 1897ರಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಅಲ್ಲಿ ಸಾವಿರ ಸಾವಿರ ಜನ ಆ ಲಸಿಕೆ ಹಾಕಿಸಿಕೊಂಡರು. ರೈಲು, ಎತ್ತಿನಗಾಡಿಗಳ ಆ ಕಾಲದಲ್ಲೇ ಮುಂಬಯಿಯ ಔಷಧ ನಮ್ಮ ಸೀಮೆಯನ್ನು ಮುಟ್ಟಿತ್ತು. ನಮ್ಮ ಕಣ್ಣೆದುರಿನ ಪೋಲಿಯೋ ಹನಿಯನ್ನು ನೋಡಿರಿ. ತಂಪುಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಕಾರ್ಯಕರ್ತೆಯರು ಗುಡಿಯ ಕಟ್ಟೆ, ಬಸ್‌ಸ್ಟ್ಯಾಂಡ್, ಹೊಲದ ಗುಡಿಸಲು ಯಾವುದನ್ನೂ ಬಿಡಲಿಲ್ಲ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ಪ್ರಕರಣ ಬರಲಿಲ್ಲ. ಮುಟ್ಟಿಸಬೇಕು ಎಂದು ಗಟ್ಟಿ ಮಾಡಿದರೆ ಔಷಧ ಮುಟ್ಟುತ್ತದೆ.

ಹಾವು, ನಾಯಿ ಕಡಿತದ ಮಾತನ್ನು ಇಲ್ಲಿ ಬಿಡುವ ಹಾಗಿಲ್ಲ. ಎರೆಹೊಲದ ಬಿರುಕಿನಲ್ಲಿ, ಹತ್ತಿಯ ಸಾಲಿನಲ್ಲಿ, ಕಣಕಿಯ ಬಣವೆಯ ಬುಡದಲ್ಲಿ ಹಾವಿರುವುದು ನಮಗೆ ಹೊಸದಲ್ಲ. ಹಾವಿನ ವಿಷಕ್ಕೆ ಇರುವ ಔಷಧ ಒಂದೇ, ವಿಷಪ್ರತಿರೋಧಕ ಇಂಜೆಕ್ಷನ್. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕರ ವಿಷಕ್ಕೂ ಅದೇ. ಇದನ್ನು ಯಾವ ಅಂಗಡಿಯಿಂದಲೂ ಕೊಂಡು ಮನೆಯಲ್ಲಿ ಹಾಕಿಕೊಳ್ಳಲು ಬರುವುದಿಲ್ಲ. ದವಾಖಾನೆಯಲ್ಲಿ ಡಾಕ್ಟರ್ ಎದುರಿಗೇ ಕೊಡಬೇಕು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು ಎಂದು ನಮ್ಮ ರಾಜ್ಯ 2024ರಲ್ಲಿ ಆದೇಶ ಮಾಡಿತು. ಎಲ್ಲಿ ಎಷ್ಟು ಜನರಿಗೆ ಕಡಿಯಿತು ಎಂದು ಗೊತ್ತಾದರೆ ಎಲ್ಲಿ ಎಷ್ಟು ಇಂಜೆಕ್ಷನ್ ಇಡಬೇಕು ಎಂದು ಗೊತ್ತಾಗುತ್ತದೆ. ಇದೂ ಲೆಕ್ಕದ ಮಾತೇ. ಮಂತ್ರ ಹಾಕಿಸಿಕೊಂಡು ಮನೆಯಲ್ಲೇ ಉಳಿದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಕಡಿದ ಕೂಡಲೇ 108ಕ್ಕೆ ಫೋನು ಮಾಡಿರಿ, ಬಿಗಿಯಾಗಿ ಹಗ್ಗ ಕಟ್ಟಬೇಡಿರಿ, ಕೊಯ್ಯಬೇಡಿರಿ, ನಡೆಸಬೇಡಿರಿ. ನಾಯಿ ಕಡಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಿರಿ. ಎರಡನೆಯ, ಮೂರನೆಯ ಸೂಜಿಯನ್ನು ‘ಕೆಲಸ ಐತಿ’ ಎಂದು ತಪ್ಪಿಸಬೇಡಿರಿ. ರೇಬಿಸ್ ಬಂದ ಮೇಲೆ ಔಷಧವಿಲ್ಲ.

ಈಗ ಎರಡನೆಯ ಬಾಗಿಲಿಗೆ ಬರೋಣ, ಔಷಧ ಅಂಗಡಿ. ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಹತ್ತಿಗೆ ಹುಳ ಬಿದ್ದರೆ ಹೊಡೆಯುವ ಎಣ್ಣೆ ನಮ್ಮ ದೊಡ್ಡ ಊರುಗಳಲ್ಲಿ ಸಿಗುತ್ತದೆ. ಕಡಲೆಗೆ, ಮೆಣಸಿನಗಿಡಕ್ಕೆ, ಉಳ್ಳಾಗಡ್ಡಿಗೆ ಬೇರೆ ಬೇರೆ ಔಷಧ ಸಾಲಾಗಿ ಇಟ್ಟಿರುತ್ತಾರೆ, ಉದ್ರಿಯನ್ನೂ ಕೊಡುತ್ತಾರೆ. ಗಿಡಕ್ಕೆ ರೋಗ ಬಂದರೆ ಊರಲ್ಲೇ ಔಷಧ, ಗಿಡ ಬೆಳೆಸಿದವನಿಗೆ ರೋಗ ಬಂದರೆ ಬಸ್ಸು ಕಾಯಬೇಕು. ಇದಕ್ಕೆ ಯಾರನ್ನಾದರೂ ಬೈದರೆ ಉಪಯೋಗವಿಲ್ಲ. ಇದರ ಹಿಂದೆಯೂ ಒಂದು ಲೆಕ್ಕವಿದೆ.

ಔಷಧ ಅಂಗಡಿ ಇಡಲು 1940ರ ಔಷಧ ಕಾಯ್ದೆಯಂತೆ ಪರವಾನಗಿ ಬೇಕು, 10 ಚದರ ಮೀಟರಿಗೆ ಕಡಿಮೆಯಿಲ್ಲದ ಜಾಗ ಬೇಕು, ಲಸಿಕೆ, ಇನ್ಸುಲಿನ್‌ಗೆ ಫ್ರಿಜ್ಜು ಬೇಕು. 1948ರ ಫಾರ್ಮಸಿ ಕಾಯ್ದೆಯಂತೆ ಡಾಕ್ಟರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟನೇ ಕೊಡಬೇಕು. ಈಗ ಒಂದು ಹಳ್ಳಿಯಲ್ಲಿ ದಿನಕ್ಕೆ 1,500 ರೂಪಾಯಿ ವ್ಯಾಪಾರ ಆಯಿತು ಎನ್ನೋಣ. ತಿಂಗಳಿಗೆ 45,000. ಬೆಲೆ ನಿಯಂತ್ರಣದ ಔಷಧಗಳಿಗೆ ಚಿಲ್ಲರೆ ಅಂಗಡಿಯ ಪಾಲೆಂದು ಶೇ. 16 ಸೇರಿಸಿ ಬೆಲೆ ಕಟ್ಟುತ್ತಾರೆ. ಆ ಲೆಕ್ಕದಲ್ಲಿ ಅವನಿಗೆ ಸಿಗುವುದು 6,000ದ ಆಸುಪಾಸು. ಅದರಲ್ಲಿ ಬಾಡಿಗೆ, ಕರೆಂಟು, ಅವಧಿ ಮುಗಿದ ಮಾಲಿನ ನಷ್ಟ, ಫಾರ್ಮಸಿಸ್ಟನ ಪಗಾರ! ಅಗ್ಗದ ಜನೌಷಧಿಯಲ್ಲಿ ಶೇ. 20 ಕೊಡುತ್ತಾರೆ ನಿಜ, ಆದರೆ 10 ರೂಪಾಯಿಯ ಪಟ್ಟಿ ಮಾರಿದರೆ ಉಳಿಯುವುದು 2 ರೂಪಾಯಿ. ರೋಗಿಗೆ ಅಗ್ಗವಾದಷ್ಟೂ ಅಂಗಡಿಗೆ ಬರುವುದು ಕಡಿಮೆ. ಒಬ್ಬಂಟಿ ವ್ಯಾಪಾರಿ ಹಳ್ಳಿಗೆ ಬಾರದಿರುವುದಕ್ಕೆ ಅವನ ಕಲ್ಲೆದೆ ಕಾರಣವಲ್ಲ, ಈ ಲೆಕ್ಕ ಕಾರಣ.

ಬಾಗಿಲು ಮುಚ್ಚಿದ್ದರೆ ಜನ ಕಿಟಕಿ ಹುಡುಕುತ್ತಾರೆ. ಕಿರಾಣಿ ಅಂಗಡಿಯಲ್ಲಿ ಗುಳಿಗೆ ಸಿಗುತ್ತದೆ. 1,000ಕ್ಕಿಂತ ಹೆಚ್ಚು ಜನರಿಲ್ಲದ ಸಣ್ಣ ಊರಿನಲ್ಲಿ ಪ್ಯಾರಸಿಟಮಾಲ್, ನೋವಿನ ಮುಲಾಮು, ಗ್ರೈಪ್ ವಾಟರ್‌ನಂಥ ಕೆಲವು ಮನೆಮದ್ದುಗಳನ್ನು ಪರವಾನಗಿ ಇಲ್ಲದೆ ಮಾರಲು ಕಾನೂನೇ ಅವಕಾಶ ಕೊಟ್ಟಿದೆ. ಆದರೆ ಕಿಟಕಿಯಲ್ಲಿ ಅದಷ್ಟೇ ಬರುವುದಿಲ್ಲ. ಕೀಲುನೋವಿಗೆ ಎರಡು, ಜ್ವರಕ್ಕೆ ಎರಡು ಎಂದು ಹೆಸರಿಲ್ಲದ ಗುಳಿಗೆಯ ಪುಡಿಕೆ ಬರುತ್ತದೆ. ಪಕ್ಕದ ಮನೆಯಲ್ಲಿ ಉಳಿದ ಗುಳಿಗೆ ಬರುತ್ತದೆ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ತಾರೀಖು ಆಚೆ ಕಡೆಯೇ ಉಳಿದಿರುತ್ತದೆ. ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿದ ರೈತನಿಗೆ ಬಿ.ಪಿ. ಏರಿ ಮೂತ್ರಪಿಂಡ ಸೋತದ್ದು, ‘ಮೈ ಹಿಡಿಯುತ್ತದೆ’ ಎಂದು ಸ್ಟಿರಾಯ್ಡ್ ತೆಗೆದುಕೊಂಡವನಿಗೆ ಸಕ್ಕರೆ ಏರಿದ್ದು ಇವೆಲ್ಲ ಕಿಟಕಿಯಿಂದ ಬಂದ ಕಷ್ಟಗಳು. ಐದು ದಿನದ ಆ್ಯಂಟಿಬಯಾಟಿಕ್ ಬದಲು ಎರಡೇ ಗುಳಿಗೆ ನುಂಗಿದರೆ ಸಾಯದೆ ಉಳಿದ ರೋಗಾಣು ಗಟ್ಟಿಯಾಗುತ್ತದೆ, ಮುಂದೆ ಅದೇ ಔಷಧಕ್ಕೆ ಜಗ್ಗುವುದಿಲ್ಲ. ಮಕ್ಕಳೇ, ಪಟ್ಟಿಯ ಮೇಲೆ ಉದ್ದನೆಯ ಕೆಂಪು ಗೆರೆ ಕಂಡರೆ ಅದು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧ. ಇದನ್ನು ಇಂದೇ ಮನೆಗೆ ಹೋಗಿ ಹಿರಿಯರಿಗೆ ತೋರಿಸಿರಿ.

ಹಳ್ಳಿಗೆ ಬರೀ ಗುಳಿಗೆಯ ಪೆಟ್ಟಿಗೆ ಬಂದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ. ಗುಳಿಗೆಯ ಜೊತೆಗೆ ಬಲ್ಲವನೊಬ್ಬ ಬರಬೇಕು. ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ ತಾನು ಬೇರೆಲ್ಲೋ ಇರುವವನಲ್ಲ, ಕೌಂಟರಿನ ಹಿಂದೆ ನಿಂತು ‘ಅಜ್ಜಾ, ಈ ಎರಡೂ ಗುಳಿಗಿ ಕೂಡಿಸಿ ತಗೋಬ್ಯಾಡ’ ಎನ್ನುವವನು ಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಹುಬ್ಬಳ್ಳಿಯಿಂದ ಚೀಲದಲ್ಲಿ ಹಾಕಿಕೊಂಡು ತಂದ ಇನ್ಸುಲಿನ್ ಕೆಡುತ್ತದೆ, ಫ್ರಿಜ್ಜಿಲ್ಲದ ಮನೆಯಲ್ಲಿ ಅದನ್ನು ಒದ್ದೆ ಮಾಡಿದ ಮಣ್ಣಿನ ಮಡಕೆಯೊಳಗೆ ನೀರು ತಾಗದಂತೆ ತಂಪಾಗಿ ಇಡಬಹುದು ಎಂದು ಹೇಳುವವನು ಬೇಕು.

ಒಬ್ಬನಿಂದ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ ಎಂಬುದನ್ನು ಈ ದೇಶಕ್ಕೆ ಕಲಿಸಿದ ನೆಲ ನಮ್ಮದು. ಗದಗಿನ ಹತ್ತಿರದ ಕಣಗಿನಹಾಳದ ಹೆಸರು ಎಲ್ಲರೂ ಕೇಳಿದ್ದೀರಿ. 1904ರಲ್ಲಿ ಸಹಕಾರ ಕಾಯ್ದೆ ಬಂತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ಕಣಗಿನಹಾಳ ನಮ್ಮ ಧಾರವಾಡ ಜಿಲ್ಲೆಯದೇ ಊರು. ದೇಶದ ಸಹಕಾರ ಚಳವಳಿ ತನ್ನ ಮೂಲವನ್ನು ಹುಡುಕಿಕೊಂಡು ಹೋಗುವುದು ಆ ಹಳ್ಳಿಗೆ. ಆಗಿನ ಕೊರತೆ ಸಾಲದ್ದು. ರೈತನಿಗೆ ಹಣ ಬೇಕಿತ್ತು, ನ್ಯಾಯವಾದ ಬಡ್ಡಿಗೆ ಕೊಡುವವರು ಊರಲ್ಲಿ ಇರಲಿಲ್ಲ. ದೊಡ್ಡ ಬ್ಯಾಂಕಿಗೆ ಹಳ್ಳಿ ಲಾಭದ ಜಾಗವಾಗಿರಲಿಲ್ಲ. ಊರವರೇ ಕೂಡಿ ತಮ್ಮ ಸೊಸೈಟಿ ಮಾಡಿಕೊಂಡರು. ಇಂದಿನ ಔಷಧದ ಕಥೆಯೂ ಅಚ್ಚು ಅದೇ.

ನಮ್ಮ ಸೀಮೆಯಲ್ಲಿ ಸೊಸೈಟಿಗಳು ಇವೆ. ಬೆಳೆಸಾಲ ಕೊಡುತ್ತವೆ, ಗೊಬ್ಬರ, ಬೀಜ ಕೊಡುತ್ತವೆ. 2023ರ ಜೂನ್‌ನಲ್ಲಿ ಕೇಂದ್ರ ಸರಕಾರ ಇಂಥ 2,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಜನೌಷಧಿ ಕೇಂದ್ರ ತೆರೆಯಲು ಅವಕಾಶ ಕೊಡುವ ತೀರ್ಮಾನ ಮಾಡಿತು. ಬೇಕಾದ ಜಾಗ 120 ಚದರ ಅಡಿ, ಎಂದರೆ ಒಂದು ಸಣ್ಣ ಕೋಣೆ. ಒಬ್ಬ ಫಾರ್ಮಸಿಸ್ಟ್ ಬೇಕು. ಕೊಂಡ ಮಾಲಿನ ಮೇಲೆ ಸರಕಾರದ ಪ್ರೋತ್ಸಾಹಧನವೂ ಇದೆ. ಬರೀ ಗುಳಿಗೆ ಮಾರುವ ಅಂಗಡಿಗೆ ಹೊರೆಯಾಗುವ ಬಾಡಿಗೆ, ಕರೆಂಟು, ಕಾವಲು ಇವೆಲ್ಲ ಸೊಸೈಟಿಗೆ ಆಗಲೇ ಇರುವ ಖರ್ಚು. ಗೊಬ್ಬರದ ಕಿಟಕಿಯ ಪಕ್ಕದಲ್ಲಿ ಗುಳಿಗೆಯ ಕಿಟಕಿ. ವಿಷದ ಡಬ್ಬಿಗಳಿಂದ ಬೇರೆಯಾದ ಕೋಣೆಯಲ್ಲಿ, ಅದು ಮಾತ್ರ ಕಡ್ಡಾಯ. ಒಂದು ಊರಿಗೆ ಭಾರವಾದರೆ ಸುತ್ತಲಿನ ನಾಲ್ಕು ಊರಿನ ಸೊಸೈಟಿಗಳು ಕೂಡಿ ಒಂದನ್ನು ಮಾಡಬಹುದು. ವಾರದ ಸಂತೆಗೆ ಬಂದವರು ತಿಂಗಳ ಗುಳಿಗೆಯನ್ನೂ ಒಯ್ಯಬಹುದು. ಲಾಭ ಬರುತ್ತದೆಯೇ ಎಂದು ಆಡಳಿತ ಮಂಡಳಿಯವರು ಕೇಳುವುದು ನ್ಯಾಯವೇ. ದೊಡ್ಡ ಲಾಭ ಬರುವುದಿಲ್ಲ, ನಷ್ಟವಾಗದಂತೆ ನಡೆಸಬಹುದು. ಸದಸ್ಯನೊಬ್ಬ ಲಕ್ವಾ ಹೊಡೆದು ಮಲಗಿದರೆ ಅವನ ಸಾಲದ ಕಂತೂ ಮಲಗುತ್ತದೆ ಎಂಬುದನ್ನು ಸೊಸೈಟಿಯವರು ನಮಗಿಂತ ಚೆನ್ನಾಗಿ ಬಲ್ಲರು.

ಆ ಕಿಟಕಿಯ ಹಿಂದೆ ಕೂರುವವರು ಯಾರು? ಇದಕ್ಕೆ ಉತ್ತರ ಈ ಮುಂದಿನ ಸಾಲಿನಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ನಮ್ಮ ಮನೆಗಳಲ್ಲಿ ಡಾಕ್ಟರ್, ಎಂಜಿನಿಯರ್, ಇಲ್ಲವಾದರೆ ಏನೋ ಒಂದು ಎನ್ನುತ್ತೇವೆ. ನಡುವೆ ಇರುವ ಗೌರವದ ಕಸುಬುಗಳು ಕಣ್ಣಿಗೆ ಬೀಳುವುದಿಲ್ಲ. ಪಿಯುಸಿ ವಿಜ್ಞಾನ ಮುಗಿಸಿದವರು ಎರಡು ವರ್ಷದ ಡಿ.ಫಾರ್ಮ ಮಾಡಿ, ತರಬೇತಿ ಮುಗಿಸಿ ನೋಂದಣಿ ಮಾಡಿಸಿಕೊಂಡರೆ ಫಾರ್ಮಸಿಸ್ಟ್. ಹುಬ್ಬಳ್ಳಿ, ಧಾರವಾಡಗಳಲ್ಲಿ ಫಾರ್ಮಸಿ ಕಾಲೇಜುಗಳಿವೆ. ಇದು ಹೆಣ್ಣುಮಕ್ಕಳಿಗೆ ಊರಲ್ಲೇ ನಿಂತು ಮಾಡಬಹುದಾದ ವಿದ್ಯೆಯ ಕೆಲಸ. ಗಂಡಸಿನ ಮುಂದೆ ಹೇಳಲು ಸಂಕೋಚಪಡುವ ಕಾಯಿಲೆಯನ್ನು ನಮ್ಮ ತಾಯಂದಿರು ಅವಳ ಮುಂದೆ ಬಾಯಿಬಿಟ್ಟು ಹೇಳುತ್ತಾರೆ. ಹಳೆಯ ವಿದ್ಯಾರ್ಥಿ ಸಂಘದವರಿಗೆ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಈ ಶಾಲೆಯ ಒಬ್ಬ ಬಡ ಹುಡುಗಿಯ ಡಿ.ಫಾರ್ಮ ಓದಿನ ಖರ್ಚನ್ನು ಸಂಘ ಹೊರಲಿ, ಓದು ಮುಗಿಸಿ ಕೆಲವು ವರ್ಷ ಈ ಭಾಗದಲ್ಲಿ ಕೆಲಸ ಮಾಡಬೇಕು ಎಂಬ ಒಂದು ಮಾತು ಪಡೆದುಕೊಂಡು. ನನ್ನ ಪಾಲನ್ನು ನಾನು ಇಂದೇ ಸಮಿತಿಯ ಕೈಗೆ ಕೊಡುತ್ತೇನೆ.

ಊರಿನ ಹಿರಿಯರಲ್ಲಿ ಎರಡು ಬೇಡಿಕೆ. ಪ್ರತಿ ಊರಿಗೂ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಎಂಬುದಿದೆ, ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಅವುಗಳ ಸಭೆ ಯಾವಾಗ ಎಂದು ಕೇಳಿರಿ, ಹೋಗಿ ಕೂಡಿರಿ. ಈ ತಿಂಗಳು ಯಾವ ಔಷಧ ಮುಗಿದಿದೆ ಎಂದು ಕೇಳಿ ಠರಾವಿನಲ್ಲಿ ಬರೆಸಿರಿ. ಎರಡನೆಯದು, ಮುಂದಿನ ಗ್ರಾಮಸಭೆಯಲ್ಲಿ, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಔಷಧದ ಕಿಟಕಿಯ ವಿಷಯವನ್ನು ಇಡಿರಿ. ರಸ್ತೆ, ಗಟಾರ, ಕುಡಿಯುವ ನೀರಿನ ಸಾಲಿನಲ್ಲಿ ಗುಳಿಗೆಯ ಹೆಸರೂ ಒಂದು ಸಲ ಬರಲಿ.

ಮಕ್ಕಳಿಗೆ ಒಂದೇ ಕೆಲಸ ಹೇಳುತ್ತೇನೆ. ಇಂದು ಮನೆಗೆ ಹೋದ ಮೇಲೆ ಅಜ್ಜ, ಅಜ್ಜಿಯ ಗುಳಿಗೆ ಡಬ್ಬಿ ತೆಗೆಯಿರಿ. ಮೂಲ ಹೆಸರು ಓದಿರಿ, ತಾರೀಖು ನೋಡಿರಿ, ಎಷ್ಟು ಉಳಿದಿವೆ ಎಂದು ಎಣಿಸಿರಿ. ಇರಬೇಕಾದ್ದಕ್ಕಿಂತ ಹೆಚ್ಚು ಉಳಿದಿದ್ದರೆ ಸಂತೋಷಪಡಬೇಡಿರಿ, ‘ಯಾಕ ತಗೊಂಡಿಲ್ಲ?’ ಎಂದು ಕೇಳಿರಿ. ಮಗ ಕೇಳಿದರೆ ಗದರಿಸುವ ಅಜ್ಜಿ ಮೊಮ್ಮಗಳು ಕೇಳಿದರೆ ನಿಜ ಹೇಳುತ್ತಾಳೆ. ಈ ಶಾಲೆ ಐವತ್ತು ವರ್ಷ ನಮಗೆ ಓದಲು, ಎಣಿಸಲು ಕಲಿಸಿದೆ. ಅಷ್ಟು ವಿದ್ಯೆ ಈ ಕೆಲಸಕ್ಕೆ ಸಾಕು.